ಗಾಡ್ಸ್‌ಡನ್ ಸಾಹೇಬರ ಅತ್ತೆಗೆ ಊರು ತೋರಿಸಿದ್ದು

ವಿಲ್ಮಟ್ ಪ್ರೇಲೋನ ಆ ದಿನದ ಕಷ್ಟಕ್ಕೆಲ್ಲ ಕಾರಣ ಒಂದೇ ಒಂದು ಮಾತು. ಅದನ್ನು ಅವನು ಆಡದಿದ್ದರೂ ನಡೆಯುತ್ತಿತ್ತು.

ಗುರುವಾರ ಬೆಳಿಗ್ಗೆ ಹಾಸಿಗೆ ಅಂಗಡಿಯ ಬಾಗಿಲು ತೆರೆದು, ಗಿರಾಕಿಗಳು ಬರುವ ಮುಂಚೆ ನೌಕರರಿಬ್ಬರೂ ಕಾಫಿ ಕುಡಿಯುತ್ತಿದ್ದರು. ಇನ್ನೊಬ್ಬ ನೌಕರ ಟಾಲಿವರ್ ಅಟ್ಲಾಂಟಾದವನು. ಚಾರ್ಲ್ಸ್‌ಟನ್ನಿಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಆದರೂ ಅವನು ಕಳೆದ ಭಾನುವಾರ ದೋಣಿಯಲ್ಲಿ ಹೋಗಿ ಕೋಟೆ ನೋಡಿ ಬಂದದ್ದನ್ನು, ಅಲ್ಲಿ ಯಾವ ಗೋಡೆಗೆ ಯಾವ ಕಡೆಯಿಂದ ಗುಂಡು ಬಿತ್ತು ಎಂಬುದನ್ನು ಕೈಯಲ್ಲಿದ್ದ ಲೋಟವನ್ನೇ ಕೋಟೆ ಮಾಡಿಕೊಂಡು ವಿವರಿಸತೊಡಗಿದ್ದ. ನಿನ್ನೆ ಮೊನ್ನೆ ಬಂದವನು ತನಗೇ ತನ್ನ ಊರಿನ ಪಾಠ ಹೇಳುತ್ತಾನಲ್ಲ ಎಂದು ವಿಲ್ಮಟ್‌ಗೆ ಉರಿಯಿತು.

"ನೋಡಪ್ಪಾ ಟಾಲಿವರ್, ನಮ್ಮ ಮನೆತನ ಮುನ್ನೂರು ವರ್ಷದಿಂದ ಈ ಊರಲ್ಲಿದೆ. ಇಲ್ಲಿರೋ ಒಂದೊಂದು ಇಟ್ಟಿಗೆಯ ಜಾತಕಾನೂ ನನಗೆ ಗೊತ್ತು. ನೀನು ಸುಮ್ನೆ ಕಾಫಿ ಕುಡಿ" ಎಂದುಬಿಟ್ಟ.

ನಿಜ ಹೇಳಬೇಕೆಂದರೆ, ನಲವತ್ತಾರು ವರ್ಷದ ವಿಲ್ಮಟ್ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಭಾನುವಾರ ಚರ್ಚಿಗೆ ಬಿಟ್ಟರೆ ಎಲ್ಲಿಗೂ ಹೋದವನಲ್ಲ. ನೋಡುವಂಥ ಜಾಗಗಳು ಇರುವುದೇ ಹೊರಗಿನಿಂದ ಬರುವವರಿಗೆಂದು ಅವನು ತಿಳಿದಿದ್ದ. ಅವನ ಪಾಲಿಗೆ ಆ ಕೋಟೆ ನೀರಿನಾಚೆ ಕಾಣುವ ಒಂದು ಕಪ್ಪು ಗೆರೆ; ಆ ಗೆರೆಯನ್ನು ಹತ್ತಿರದಿಂದ ನೋಡಬೇಕೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ.

ಒಟ್ಟಿಟ್ಟ ಹಾಸಿಗೆಗಳ ಹಿಂದಿನಿಂದ ಯಜಮಾನ ಗಾಡ್ಸ್‌ಡನ್ ಸಾಹೇಬರ ತಲೆ ಮೇಲೆದ್ದಿತು.

"ಪ್ರೇಲೋ! ಇಟ್ಟಿಗೆ ಇಟ್ಟಿಗೆಯೂ ಗೊತ್ತು ಅಂದ್ಯಾ?"

"ಅದು... ಮಾತಿಗೆ ಹೇಳಿದೆ ಸಾರ್."

"ಮಾತಿಗೇ ಆಗ್ಲಿ. ನನಗೀಗ ಬೇಕಾಗಿರೋದು ಮಾತಾಡೋನೇ. ನಮ್ಮತ್ತೆ ಬಂದಿದ್ದಾರೆ, ಓಹಾಯೋಯಿಂದ. ನಮ್ಮನೆ ಹಾಸಿಗೇಲಿ ನಿದ್ದೆ ಬರಲ್ಲ ಅಂತ ಹೋಟೆಲಲ್ಲಿ ಇಳಿದಿದ್ದಾರೆ." ಇದನ್ನು ಹೇಳುವಾಗ ಸಾಹೇಬರ ದನಿ ಸ್ವಲ್ಪ ಇಳಿಯಿತು. ಹಾಸಿಗೆ ವ್ಯಾಪಾರಿಯ ಬಾಯಲ್ಲಿ ಬರಬಾರದ ಮಾತು ಅದು. "ಇವತ್ತು ಪೂರ್ತಿ ನೀನು ಅವರಿಗೆ ಊರು ತೋರಿಸ್ಬೇಕು. ಕುದುರೆಗಾಡಿ, ಊಟ, ಏನಿದ್ರೂ ನನ್ನದು. ಅವರು ಖುಷಿಯಾಗಿ ಭಾನುವಾರದ ವಿಮಾನ ಹತ್ತಿದ್ರೆ ನನ್ನ ಹೆಂಡತಿ ಖುಷಿಯಾಗ್ತಾಳೆ. ಅವಳು ಖುಷಿಯಾಗಿದ್ರೆ, ಹೊಳೆಯಾಚೆ ತೆಗೀತಿರೋ ಹೊಸ ಅಂಗಡಿಗೆ ಮ್ಯಾನೇಜರ್ ಯಾರು ಅಂತ ನಾನೂ ನೆಮ್ಮದಿಯಾಗಿ ಯೋಚನೆ ಮಾಡಬಹುದು."

ಟಾಲಿವರ್ ಲೋಟ ಕೆಳಗಿಟ್ಟ.

"ಅವರ ಗುರುತು ಹೇಗೆ ಸಾರ್?"

"ಹಾರ್ಟ್ಸ್‌ಲರ್ ಅಂತ ಹೆಸರು. ಬಿಳಿ ಹ್ಯಾಟು. ಕಿವಿ ಸ್ವಲ್ಪ ಮಂದ, ನಾಲಿಗೆ ಚುರುಕು. ಹೋಟೆಲಿನ ಹಜಾರದಲ್ಲಿ ಕೂತಿರ್ತಾರೆ. ಕಾಯಿಸಬೇಡ!"

ಎಲ್ಲರ ಜೇಬಿಗೂ ಇನ್ನೂ ಫೋನು ಬಂದಿರದ ಕಾಲ ಅದು. ಟಾಲಿವರನ ಒಣಹುಲ್ಲಿನ ಟೋಪಿಯನ್ನು ಎರವಲು ಪಡೆದು ವಿಲ್ಮಟ್ ಓಡಿದ. ಜೂನ್ ತಿಂಗಳ ಬಿಸಿಲು ಒದ್ದೆ ಕಂಬಳಿಯಂತೆ ಬೆನ್ನ ಮೇಲೆ ಬಿದ್ದಿತ್ತು. ಹೋಟೆಲು ತಲುಪುವಷ್ಟರಲ್ಲಿ ಆ ಹೆಸರಿನಲ್ಲಿ ಬಹಳಷ್ಟು ಒತ್ತಕ್ಷರಗಳಿದ್ದವು ಎಂಬುದಷ್ಟೇ ಅವನ ನೆನಪಿನಲ್ಲಿ ಉಳಿದಿತ್ತು. ಚಿಂತೆಯೇನೂ ಇರಲಿಲ್ಲ. ಚಾರ್ಲ್ಸ್‌ಟನ್ನಿನಲ್ಲಿ ಏಳು ವರ್ಷದ ಹುಡುಗಿಯಿಂದ ತೊಂಬತ್ತರ ಮುದುಕಿಯವರೆಗೆ ಯಾರನ್ನು ಬೇಕಾದರೂ 'ಅಮ್ಮಾವ್ರೇ' ಎಂದರೆ ಸಾಕು, ಕೆಲಸ ನಡೆಯುತ್ತದೆ.

ಹಜಾರದಲ್ಲಿ ಬಿಳಿ ಹ್ಯಾಟಿನ ಮುದುಕಿ ಒಬ್ಬರೇ ಒಬ್ಬರು ಇದ್ದರು. ತಣ್ಣನೆ ಗಾಳಿ ಬರುವ ಕಿಂಡಿಯ ಕೆಳಗೆ, ಊರುಗೋಲಿನ ಮೇಲೆ ಎರಡೂ ಕೈ ಇಟ್ಟು, ಸಿಂಹಾಸನದ ಮೇಲೆ ಕೂತಂತೆ ಕೂತಿದ್ದರು.

"ಅಮ್ಮಾವ್ರೇ, ತಡ ಆಯ್ತು, ಕ್ಷಮಿಸಿ. ಊರು ನೋಡೋಕೆ ಹೋಗೋಣ್ವಾ?"

ಮುದುಕಿ ಅವನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದರು. "ಯಾರು? ನಾನಾ?"

"ನೀವೇ! ಗಾಡ್ಸ್‌ಡನ್ ಸಾಹೇಬರು ಎಲ್ಲಾ ಏರ್ಪಾಟು ಮಾಡಿದ್ದಾರೆ. ಗಾಡಿ, ಊಟ ಎಲ್ಲಾ."

"ಯಾವ ಊರು ತೋರಿಸ್ತೀಯ?"

"ಇದೇ ಊರು ಅಮ್ಮಾವ್ರೇ!" ಎಂದು ವಿಲ್ಮಟ್ ಕಿವಿ ಮಂದದ ಮಾತು ನೆನಪಾಗಿ ಗಟ್ಟಿಯಾಗಿ ಕೂಗಿದ. ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮುದುಕಿ ಒಂದು ಗಳಿಗೆ ಯೋಚಿಸಿದರು. "ಊಟಾನೂ ಇದೆ ಅಂದ್ಯಾ? ನಡಿ ಹಾಗಾದ್ರೆ. ಕೂಗಬೇಡ, ನಾನೇನು ಹಡಗಲ್ಲ."

ನಾಲಿಗೆ ಚುರುಕಾಗಿತ್ತು. ಗುರುತು ಸರಿಯಾಗಿಯೇ ಇದೆ ಎಂದು ವಿಲ್ಮಟ್ ನೆಮ್ಮದಿಪಟ್ಟ.

ಕುದುರೆಗಾಡಿಗೆ ಕಟ್ಟಿದ್ದು ಕುದುರೆಯನ್ನಲ್ಲ, ಸೆನೆಟರ್ ಎಂಬ ಹೆಸರಿನ ಹೇಸರಗತ್ತೆಯನ್ನು. ಗಾಡಿ ಯಾವ ಬೀದಿಗೆ ಹೋಗಬೇಕೆಂಬುದನ್ನು ನಗರಸಭೆಯವರು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಎಲ್ಲ ಗಾಡಿಗಳೂ ಒಂದೇ ಬೀದಿಗೆ ನುಗ್ಗಬಾರದಲ್ಲ. ಕಡಲದಂಡೆಯ ದೊಡ್ಡ ದೊಡ್ಡ ಮನೆಗಳನ್ನು ತೋರಿಸುತ್ತೇನೆಂದು ವಿಲ್ಮಟ್ ದಾರಿಯುದ್ದಕ್ಕೂ ಹೇಳಿದ್ದ. ಚೀಟಿಯಲ್ಲಿ ಬಂದದ್ದು ಬಡಗಣ ಬೀದಿಗಳು.

ಗಾಡಿಯವನು ರೂಫಸ್. ಮುದುಕಿಯನ್ನು ನೋಡಿ ಟೋಪಿ ತೆಗೆದು, "ಏನಮ್ಮಾ, ಕೊನೆಗೂ ನನ್ನ ಗಾಡಿ ಹತ್ತಿದ್ರಲ್ಲ!" ಎಂದ.

"ಇವನು ಊರು ತೋರಿಸ್ತಾನಂತೆ ರೂಫಸ್" ಎಂದರು ಮುದುಕಿ.

ರೂಫಸ್ ವಿಲ್ಮಟ್‌ನತ್ತ ನೋಡಿ, ಕೆಮ್ಮು ಬಂದವನಂತೆ ಮುಖ ತಿರುಗಿಸಿಕೊಂಡ. ಅವನ ಅಂಗಿಯ ಮೇಲೆ ಹೆಸರಿನ ಬಿಲ್ಲೆ ಇತ್ತು. ಓಹಾಯೋದವರ ಕಣ್ಣು ಚೆನ್ನಾಗಿದೆ ಎಂದುಕೊಂಡ ವಿಲ್ಮಟ್.

ಗಾಡಿಯಲ್ಲಿ ಮಿನೆಸೋಟಾದ ಒಂದು ಸಂಸಾರವೂ ಇತ್ತು. ಗಂಡ ದಪ್ಪಗಿದ್ದ, ಬಿಸಿಲಿಗೆ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿದ್ದ. ಹೆಂಡತಿ ಕ್ಯಾಮೆರಾ ಹಿಡಿದು ಪ್ರತಿ ಕಿಟಕಿಯ ಚಿತ್ರವನ್ನೂ ತೆಗೆಯುತ್ತಿದ್ದಳು. ಒಂದು ಹಳೆಯ ಮನೆಯ ಗೋಡೆಯಲ್ಲಿ ಕಬ್ಬಿಣದ ದೊಡ್ಡ ಗುಂಡಿಗಳು ಸಾಲಾಗಿ ಕಂಡವು.

"ಅವೇನು?" ಎಂದಳು ಅವಳು.

ರೂಫಸ್ ಬಾಯಿ ತೆರೆಯುವ ಮೊದಲೇ, ಇನ್ನು ತಾನು ಸುಮ್ಮನಿದ್ದರೆ ಮ್ಯಾನೇಜರಿಕೆ ಟಾಲಿವರನ ಪಾಲಾಗುತ್ತದೆಂದು ವಿಲ್ಮಟ್ ಎದ್ದು ನಿಂತ. "ಆ ಮನೆಯಿಂದ ಎಷ್ಟು ಹೆಣ್ಣುಮಕ್ಕಳನ್ನ ಮದುವೆ ಮಾಡಿ ಕಳಿಸಿದ್ದಾರೋ ಅಷ್ಟು ಗುಂಡಿ ಹೊಡೀತಾರೆ. ಹಳೇ ಪದ್ಧತಿ."

"ಭೂಕಂಪ ಆದ್ಮೇಲೆ ಗೋಡೆ ಬೀಳದ ಹಾಗೆ ಸರಳು ಹಾಕಿ ಬಿಗಿದಿದ್ದಾರೆ" ಎಂದ ರೂಫಸ್ ಮೆಲ್ಲಗೆ.

"ಇಬ್ಬರಲ್ಲಿ ಯಾರು ಸರಿ?" ಎಂದು ಕೇಳಿದ ಮಿನೆಸೋಟಾದ ಗಂಡ.

"ಮದುವೆದೇ ಚೆನ್ನಾಗಿದೆ" ಎಂದಳು ಹೆಂಡತಿ.

"ನನಗಂತೂ ಗೊತ್ತೇ ಇರಲಿಲ್ಲ" ಎಂದರು ಮುದುಕಿ. "ಇನ್ನೂ ಹೇಳಪ್ಪಾ."

ಹೊಗಳಿಕೆಗೆ ಹಸಿದ ಮನುಷ್ಯ ವಿಲ್ಮಟ್. ಅಂಗಡಿಯಲ್ಲಿ ಇಪ್ಪತ್ತು ವರ್ಷದಲ್ಲಿ ಅವನಿಗೆ 'ಇನ್ನೂ ಹೇಳು' ಎಂದವರು ಒಬ್ಬರೂ ಇರಲಿಲ್ಲ. ಅವನ ನಾಲಿಗೆಗೆ ರೆಕ್ಕೆ ಬಂತು. ಈ ಮನೆಗಳೆಲ್ಲ ಬೀದಿಗೆ ಪಕ್ಕೆ ತೋರಿಸಿ ನಿಂತಿರುವುದೇಕೆಂದರೆ, ಹಿಂದೆ ಇಲ್ಲಿಯ ಜನ ನಗರಸಭೆಯ ಮೇಲೆ ಮುನಿಸಿಕೊಂಡು ಮುಖ ತಿರುಗಿಸಿ ಮನೆ ಕಟ್ಟಿದರು. ಪೂರ್ವದ ಬೀದಿಯ ಮನೆಗಳಿಗೆ ಒಂದೊಂದಕ್ಕೂ ಒಂದೊಂದು ಬಣ್ಣ ಏಕೆಂದರೆ, ಅವುಗಳನ್ನು ಕಟ್ಟಿಸಿದ ಅಣ್ಣತಮ್ಮಂದಿರಿಗೆ ಒಂದು ಬಣ್ಣ ಒಪ್ಪಿಗೆಯಾಗಲಿಲ್ಲ. ಇಷ್ಟು ಹೊತ್ತಿಗೆ ಸೆನೆಟರ್ ನಡುಬೀದಿಯಲ್ಲಿ ನಿಂತುಬಿಟ್ಟಿತು. ರೂಫಸ್ ಎಷ್ಟು ಗದರಿದರೂ ಕದಲಲಿಲ್ಲ.

"ಅದಕ್ಕೆ ಸುಳ್ಳು ಆಗಿಬರಲ್ಲ ಸ್ವಾಮಿ" ಎಂದ ರೂಫಸ್. "ನೀವು ಇಳಿದ್ರೆ ನಡೆಯುತ್ತೆ."

ಇಳಿದರು. ಹೇಸರಗತ್ತೆ ನಡೆಯಿತು. ವಿಲ್ಮಟ್‌ಗೆ ಅವಮಾನವಾಗಬೇಕಿತ್ತು, ಆದರೆ ಮಿನೆಸೋಟಾದ ಸಂಸಾರವೂ ಅವನ ಜೊತೆಗೇ ಇಳಿದದ್ದನ್ನು ನೋಡಿ ಅವನಿಗೆ ಎದೆಯುಬ್ಬಿತು.

ಮಾರುಕಟ್ಟೆಗೆ ಬರುವಷ್ಟರಲ್ಲಿ ಹಿಂದೆ ಒಂದು ಸಣ್ಣ ಮೆರವಣಿಗೆಯೇ ಸೇರಿತ್ತು. ಟೋಪಿ ಹಾಕಿ ಕೈ ಬೀಸಿ ಮಾತಾಡುವವನನ್ನು ಕಂಡರೆ ಪ್ರವಾಸಿಗಳು, ಬೆಲ್ಲ ಕಂಡ ಇರುವೆಯಂತೆ, ಕೇಳದೆಯೇ ಸಾಲುಗಟ್ಟುತ್ತಾರೆ. ಅವರಲ್ಲಿ ನೇರಳೆ ಬಣ್ಣದ ಕೊಡೆ ಬಿಚ್ಚಿಕೊಂಡ ಒಬ್ಬ ವಯಸ್ಸಾದ ಹೆಂಗಸು ಎಲ್ಲರನ್ನೂ ಮೊಣಕೈಯಿಂದ ತಿವಿದು ಮುಂದೆ ಬಂದು, "ಜೋರಾಗಿ ಹೇಳಯ್ಯಾ! ಆ ಬಣ್ಣದ್ದು ಇನ್ನೊಂದು ಸಲ ಹೇಳು!" ಎಂದು ಪೀಡಿಸುತ್ತಿದ್ದಳು.

ಹುಲ್ಲಿನ ಬುಟ್ಟಿ ಹೆಣೆಯುವ ಹೆಂಗಸರು ಮಾರುಕಟ್ಟೆಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ವಿಲ್ಮಟ್ ಅವರ ಮುಂದೆ ನಿಂತು, ಈ ಊರಿನ ಅರ್ಧ ಮನೆಗಳನ್ನು ಕಟ್ಟಿದ್ದು ತಮ್ಮ ಪ್ರೇಲೋ ಮನೆತನದವರೇ ಎಂದು ಸಾರಿದ.

ಅರ್ನೆಸ್ಟೀನ್ ಎಂಬ ಬುಟ್ಟಿಯಾಕೆ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಕಟ್ಟಿಸಿದವರು ಅಂತ ಹೇಳಣ್ಣಾ. ಕಟ್ಟಿದವರು ನಮ್ಮ ಮುತ್ತಜ್ಜಂದಿರು. ಅವರನ್ನ ಗುಲಾಮರು ಅಂತ ಹಡಗಲ್ಲಿ ಹೊತ್ತು ತಂದು ಇಳಿಸಿದ ಕಟ್ಟೆ ಅಲ್ಲೇ ಕೆಳಗಿದೆ, ಅದನ್ನೂ ತೋರಿಸು."

ವಿಲ್ಮಟ್ ಟೋಪಿ ತೆಗೆದು ತಲೆ ಒರೆಸಿಕೊಂಡ. "ಹೌದು" ಎಂದಷ್ಟೇ ಹೇಳಿದ. ಮುದುಕಿ ಅವನನ್ನು ಮೊದಲ ಸಲ ಸ್ವಲ್ಪ ಮರ್ಯಾದೆಯಿಂದ ನೋಡಿದರು. ಅರ್ನೆಸ್ಟೀನ್ ತನ್ನ ಪಕ್ಕದ ಮಣೆಯನ್ನು ಸರಿಸಿ, "ಕೂತ್ಕೊಳಮ್ಮಾ, ಕಾಲು ನೋಯ್ತಿದೆಯೇನೋ" ಎಂದಳು. ಮುದುಕಿ ಕೂತು, ಅವಳ ಮಗಳ ಹೆರಿಗೆಯ ವಿಚಾರ ಕೇಳತೊಡಗಿದರು. ಓಹಾಯೋದವರು ಎಷ್ಟು ಬೇಗ ಹತ್ತಿರವಾಗುತ್ತಾರೆ ಎಂದು ವಿಲ್ಮಟ್‌ಗೆ ಆಶ್ಚರ್ಯವಾಯಿತು.

ಊಟದ ಮನೆಯಲ್ಲೂ ಹಾಗೆಯೇ. ಸೀಗಡಿ ಹಾಕಿದ ಮೆಕ್ಕೆಜೋಳದ ನುಚ್ಚಿನ ಗಂಜಿಯನ್ನು ವಿಲ್ಮಟ್ ತಾನೇ ಹೇಳಿ ತರಿಸಬೇಕೆಂದುಕೊಂಡಿದ್ದ. ಬಡಿಸುವವಳು ಕೇಳದೆಯೇ ಮುದುಕಿಯ ಮುಂದೆ ಅದನ್ನು ತಂದಿಟ್ಟು, ಸಕ್ಕರೆಯಿಲ್ಲದ ಚಹಾ ಸುರಿದು, "ಖಾರ ಕಡಿಮೆ ಹಾಕಿಸಿದೀನಿ" ಎಂದು ಹೋದಳು.

"ನಮ್ಮೂರಿನ ಉಪಚಾರ ನೋಡಿದ್ರಾ ಅಮ್ಮಾವ್ರೇ? ಮುಖ ನೋಡಿದ್ರೆ ಸಾಕು, ಹೊಟ್ಟೇಲಿ ಏನಿದೆ ಅಂತ ತಿಳ್ಕೋತಾರೆ!"

"ಅದೊಂದು ನಿಜ" ಎಂದರು ಮುದುಕಿ, ಸೀಗಡಿ ಬಾಯಿಗಿಡುತ್ತ.

ಊಟ ಮುಗಿಸಿ ಹೊರಗೆ ಬಂದರೆ ಗುಂಪು ಇನ್ನೂ ಕಾಯುತ್ತಿತ್ತು. ಕಾಯುತ್ತ ಕಾಯುತ್ತ ಬೆಳೆದಿತ್ತು ಕೂಡ. ನೇರಳೆ ಕೊಡೆ ಎಲ್ಲರಿಗಿಂತ ಮುಂದಿತ್ತು. "ಎಷ್ಟು ಹೊತ್ತಯ್ಯಾ ತಿನ್ನೋದು? ಬೆಳಿಗ್ಗೆಯಿಂದ ಕಾದೂ ಕಾದೂ ಸಾಕಾಗಿದೆ ನನಗೆ!" ಎಂದು ಬೈದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲುಹಾಸಿನ ಬೀದಿಗಳಲ್ಲಿ ನಡೆದು ನಡೆದು, ವಿಲ್ಮಟ್‌ನ ಬಳಿ ಇದ್ದ ಸುಳ್ಳುಗಳೆಲ್ಲ ತೀರುತ್ತ ಬಂದವು. ಗುಂಪಿನ ಹಿಂದಿನಿಂದ ಯಾರೋ, "ದೆವ್ವ ಇರೋ ಮನೆ ಇಲ್ವಾ?" ಎಂದರು. ದೆವ್ವವಿಲ್ಲದ ಚಾರ್ಲ್ಸ್‌ಟನ್ನಿಗೆ ಯಾರೂ ಬರುವುದಿಲ್ಲ. ವಿಲ್ಮಟ್ ಸುತ್ತ ನೋಡಿದ. ಎದುರಿಗೆ ಒಂದು ಎತ್ತರದ ಹಳದಿ ಮನೆ. ಕಿಟಕಿಬಾಗಿಲುಗಳು ಮುಚ್ಚಿದ್ದವು, ಗೋಡೆಯ ಮೇಲೆ ಬಳ್ಳಿ ಹಬ್ಬಿತ್ತು, ಒಳಗೆ ಜನರಿರುವ ಸುಳಿವಿರಲಿಲ್ಲ. ಹೇಳಿ ಮಾಡಿಸಿದಂತಿತ್ತು.

"ಇದೇ ನೋಡಿ!" ಎಂದು ದನಿ ತಗ್ಗಿಸಿದ.

"ಜೋರಾಗಿ!" ಎಂದಳು ನೇರಳೆ ಕೊಡೆಯಾಕೆ.

"ಇದೇ ನೋಡಿ!" ಎಂದು ಕೂಗಿದ. "ಈ ಮನೇಲಿ ಒಬ್ಬ ಹೆಂಗಸಿದ್ಲು. ಮಹಾ ಗಯ್ಯಾಳಿ. ಗಂಡ ಪಾಪದವನು, ಬಾಯಿಲ್ಲದವನು. ಒಂದಿನ ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ಒಂದೇ ಒಂದು ಮಾತು ಅಂದ. ಅವತ್ತು ರಾತ್ರಿ ಅದೇ ಸಾರಿಗೆ ವಿಷ ಬೆರೆಸಿ ಅವನನ್ನ ಮುಗಿಸಿದ್ಲು. ಹೆಣಾನ ಹಿತ್ತಲಿನ ಅಂಜೂರದ ಮರದ ಬುಡದಲ್ಲಿ ಹೂತಳು. ಈಗ್ಲೂ ಆ ಮೇಲಿನ ಕಿಟಕೀಲಿ ಅವನು ನಿಂತು ಉಪ್ಪಿನ ಡಬ್ಬಿ ಅಲ್ಲಾಡಿಸ್ತಾನೆ!"

ಹೆಂಗಸರು ಹಾ ಎಂದರು. ಕ್ಯಾಮೆರಾಗಳು ಮೇಲಿನ ಕಿಟಕಿಯತ್ತ ತಿರುಗಿದವು. ಜನ ಚಪ್ಪಾಳೆ ತಟ್ಟಿ, ಅವನ ಕೈಯಲ್ಲಿದ್ದ ಟೋಪಿಯೊಳಕ್ಕೆ ನೋಟುಗಳನ್ನು ಹಾಕತೊಡಗಿದರು. ಬೇಡವೆನ್ನಲು ಅವನಿಗೆ ತೋಚಲಿಲ್ಲ.

"ಸತ್ತ ಗಂಡನ ಹೆಸರೇನಪ್ಪಾ?" ಎಂದರು ಮುದುಕಿ.

"ಅದು... ಇತಿಹಾಸದಲ್ಲಿ ಉಳಿದಿಲ್ಲ ಅಮ್ಮಾವ್ರೇ."

"ಹೊರೇಸ್" ಎಂದರು ಮುದುಕಿ. ಊರುಗೋಲು ಊರುತ್ತ ಮೆಟ್ಟಿಲು ಹತ್ತಿ, ಕೈಚೀಲದಿಂದ ಬೀಗದ ಕೈ ತೆಗೆದು, ಹಳದಿ ಮನೆಯ ಬಾಗಿಲು ತೆರೆದರು. "ನಗರಸಭೆಯ ಸದಸ್ಯರಾಗಿದ್ರು. ಆಸ್ಪತ್ರೇಲಿ, ನ್ಯುಮೋನಿಯಾದಲ್ಲಿ ತೀರ್ಕೊಂಡ್ರು. ಬಾಯಿಲ್ಲದವರಂತೂ ಖಂಡಿತಾ ಅಲ್ಲ. ಅಂಜೂರದ ಮರದ ಬುಡದಲ್ಲಿರೋದು ನಮ್ಮ ಬೆಕ್ಕು."

ವಿಲ್ಮಟ್ ಕೊನೆಯ ಮೆಟ್ಟಿಲಿನ ಮೇಲೆ ಕುಸಿದು ಕೂತ. ಪಿಸುದನಿಯಲ್ಲಿ, "ಹಾಗಾದ್ರೆ ನೀವು... ಗಾಡ್ಸ್‌ಡನ್ ಸಾಹೇಬರ ಅತ್ತೆ ಅಲ್ವಾ?" ಎಂದ.

"ನನಗೆ ಮಕ್ಕಳೇ ಇಲ್ಲ ಕಣಯ್ಯಾ, ಅಳಿಯ ಎಲ್ಲಿಂದ ಬರ್ತಾನೆ? ನಾನು ಆರೀಲಿಯಾ. ಹುಟ್ಟಿದ್ದು ಇದೇ ಬೀದೀಲಿ. ಮನೇಲಿ ತಣ್ಣನೆ ಗಾಳಿಯ ಯಂತ್ರ ಕೆಟ್ಟಿದೆ, ಅದಕ್ಕೇ ದಿನಾ ಆ ಹೋಟೆಲಲ್ಲಿ ಹೋಗಿ ಕೂತ್ಕೋತೀನಿ."

"ಮತ್ತೆ ನೀವು ಹೇಳಬಾರದಿತ್ತಾ?"

"ನೀನು ಕೇಳಲಿಲ್ಲವಲ್ಲ. ಊರು ನೋಡೋಣ ಬನ್ನಿ ಅಂದೆ. ಹೊರೇಸ್ ಹೋದ ಮೇಲೆ ಎಲ್ಲಿಗಾದ್ರೂ ಬಾ ಅಂತ ಕರೆದವರೇ ಇರಲಿಲ್ಲ. ಬಂದೆ." ಆರೀಲಿಯಾ ಗುಂಪಿನತ್ತ ತಿರುಗಿದರು. "ಬಿಸಿಲಲ್ಲಿ ಯಾಕೆ ನಿಂತಿದೀರಿ? ಬನ್ನಿ ಎಲ್ಲಾರೂ, ಪಡಸಾಲೇಲಿ ನೆರಳಿದೆ. ನಿಂಬೆ ಶರಬತ್ತು ಮಾಡ್ತೀನಿ. ಉಪ್ಪು ಹಾಕಲ್ಲ."

ಗುಂಪು ನಗುತ್ತ ಒಳಗೆ ನುಗ್ಗಿತು. ವಿಲ್ಮಟ್ ಮಾತ್ರ ಹೋಟೆಲಿಗೆ ಓಡಿದ.

"ಬಿಳಿ ಹ್ಯಾಟಿನ ಓಹಾಯೋ ಹೆಂಗಸಾ?" ಎಂದ ಹೋಟೆಲಿನ ಗುಮಾಸ್ತ. "ಬೆಳಿಗ್ಗೆ ಮುಖ ತೊಳೆಯೋಕೆ ಹೋಗಿ ಬಂದು, ಇಲ್ಲೇ ಕೂತು ಯಾರಿಗೋ ಕಾದ್ರು. ಆಮೇಲೆ ನಮ್ಮನ್ನೆಲ್ಲ ಬೈದು ಹೊರಗೆ ಹೋದ್ರು. ಇನ್ನೂ ಬಂದಿಲ್ಲ."

ಯಜಮಾನರ ಅತ್ತೆ ಕಳೆದುಹೋಗಿದ್ದರು! ವಿಲ್ಮಟ್ ಮಾರುಕಟ್ಟೆಯಲ್ಲಿ ಹುಡುಕಿದ, ಚರ್ಚುಗಳಲ್ಲಿ ಬಗ್ಗಿ ನೋಡಿದ, ಕಡಲದಂಡೆಯ ತೋಪಿನಲ್ಲಿ ಬೆಂಚು ಬೆಂಚಿಗೂ ಹೋಗಿ ಬಿಳಿ ಹ್ಯಾಟಿನ ಮುದುಕಿಯರನ್ನೆಲ್ಲ, "ನೀವು ಯಾರ ಅತ್ತೆ ಅಮ್ಮಾವ್ರೇ?" ಎಂದು ಕೇಳಿದ. ಅಲ್ಲಿ ಬೇಸಿಗೆಯಲ್ಲಿ ಬಿಳಿ ಹ್ಯಾಟಿಲ್ಲದ ಮುದುಕಿಯನ್ನು ಹುಡುಕುವುದು ಕಷ್ಟ. ಕೊನೆಗೆ ಒಬ್ಬ ಪೊಲೀಸಿನವನು ಅವನ ಭುಜ ಹಿಡಿದು, "ಬಿಸಿಲು ತಲೆಗೇರಿದೆ, ಮನೆಗೆ ಹೋಗು ಮಾರಾಯಾ" ಎಂದು ಕಳಿಸಿದ.

ಅಂಗಡಿ ಮುಚ್ಚುವ ಹೊತ್ತಿಗೆ ವಿಲ್ಮಟ್ ಹಿಂಡಿದ ಬಟ್ಟೆಯಂತೆ ಒಳಗೆ ಬಂದ. ಗಾಡ್ಸ್‌ಡನ್ ಸಾಹೇಬರು ನಡುವೆ ನಿಂತಿದ್ದರು. ಪಕ್ಕದಲ್ಲಿ ಟಾಲಿವರ್ ದುಃಖದ ಮುಖ ಹಾಕಿಕೊಂಡು, ಒಳಗೊಳಗೇ ಹಬ್ಬ ಮಾಡುತ್ತಿದ್ದ.

"ಎಲ್ಲಿದ್ದೆ ಪ್ರೇಲೋ?"

ನಿಜ ಹೇಳಿದರೆ ಯಾರೂ ನಂಬಲಾರರು ಎಂದು ವಿಲ್ಮಟ್‌ಗೆ ಖಾತ್ರಿಯಾಗಿತ್ತು. ಹಾಗಾಗಿ ಇನ್ನೊಂದು ಹೇಳಿದ. "ಸಾರ್, ನಾನು ಹೋಗೋ ಹೊತ್ತಿಗೆ ಅವರು ಹೋಟೆಲಲ್ಲಿ ಇರಲಿಲ್ಲ. ಬೆಳಿಗ್ಗೆಯಿಂದ ಇಷ್ಟೊತ್ತೂ ಒಬ್ಬನೇ ಅವರನ್ನೇ ಹುಡುಕ್ತಿದ್ದೆ ಸಾರ್. ಒಂದು ತೊಟ್ಟು ನೀರು ಕುಡಿದಿಲ್ಲ. ಯಾರ ಜೊತೇಲೂ ಒಂದು ಮಾತಾಡಿಲ್ಲ."

ಸಾಹೇಬರ ಮುಖ ಸ್ವಲ್ಪ ಕರಗಿತು. ಅಷ್ಟರಲ್ಲಿ ಅಂಗಡಿಯ ಮೂಲೆಯ ಹಾಸಿಗೆಯೊಂದರ ಮೇಲೆ ಮಲಗಿ ಅದನ್ನು ಪರೀಕ್ಷಿಸುತ್ತಿದ್ದ ಹೆಂಗಸೊಬ್ಬಳು ಎದ್ದು ಕೂತಳು. ಕೈಯಲ್ಲಿ ನೇರಳೆ ಕೊಡೆ ಇತ್ತು. ಬಿಚ್ಚಿದ ಕೊಡೆಯಡಿ ದಿನವಿಡೀ ಕಾಣದಿದ್ದ ಬಿಳಿ ಹ್ಯಾಟು ಈಗ ಕಂಡಿತು.

"ಅಯ್ಯೋ, ಇವನೇ! ಇವನೇ ಕಣಪ್ಪಾ ಅಳಿಯಾ, ನಾನು ಹೇಳಿದ ಗೈಡು!"

ಸಾಹೇಬರು ವಿಲ್ಮಟ್‌ನತ್ತ ತಿರುಗಿದರು.

"ನೀನು ಕಳಿಸಿದ ಮುಠ್ಠಾಳ ಬರಲೇ ಇಲ್ಲ" ಎಂದು ಹಾರ್ಟ್ಸ್‌ಲರ್ ಅಮ್ಮ ಸಂಭ್ರಮದಿಂದ ಮುಂದುವರಿಸಿದರು. "ಬರದೇ ಇದ್ದಿದ್ದು ಒಳ್ಳೇದೇ ಆಯ್ತು. ಇವನ ಹಿಂದೆ ಇಡೀ ಊರು ಸುತ್ತಿದೆ. ಎಷ್ಟು ಜನ ಇದ್ರು ಗೊತ್ತಾ? ಒಂದೇ ಒಂದು ಮಾತೂ ನಿಜ ಇಲ್ಲ, ಅದೇ ಮಜ! ನಿಜ ಬೇಕಾದ್ರೆ ಮನೇಲಿ ಕೂತು ಪುಸ್ತಕ ಓದ್ತೀನಿ. ಟೋಪಿಗೆ ನಾನೂ ಒಂದು ನೋಟು ಹಾಕಿದೆ."

ಗಾಡ್ಸ್‌ಡನ್ ಸಾಹೇಬರು ವಿಲ್ಮಟ್‌ನ ಕೈಯಲ್ಲಿದ್ದ ಟೋಪಿಯನ್ನು ನೋಡಿದರು. ಟೋಪಿಯೊಳಗಿನಿಂದ ನೋಟುಗಳು ಇಣುಕುತ್ತಿದ್ದವು.

"ಓಹೋ" ಎಂದರು. "ಸಂಬಳ ಕೊಡೋನು ನಾನು. ನನ್ನ ಅತ್ತೆಯನ್ನ ಹೋಟೆಲಲ್ಲಿ ಕೊಳೆಯೋಕೆ ಬಿಟ್ಟು, ಬೀದೀಲಿ ನಿಂತು ಸ್ವಂತ ವ್ಯಾಪಾರ!"

"ಸಾರ್, ನಡೆದದ್ದು ಬೇರೇನೇ. ಅದೊಬ್ಬರು ಆರೀಲಿಯಾ ಅಂತ..."

"ಯಾರ ಜೊತೇಲೂ ಒಂದು ಮಾತಾಡಿಲ್ಲ ಅಂದೆ ಈಗ ತಾನೇ!"

ಸಾಹೇಬರು ಜೇಬಿನಿಂದ ಹೊಳೆಯಾಚೆಯ ಅಂಗಡಿಯ ಬೀಗದ ಕೈಗೊಂಚಲು ತೆಗೆದು, ವಿಲ್ಮಟ್‌ನ ಕಣ್ಣೆದುರಿಗೇ ಟಾಲಿವರನ ಅಂಗೈಗೆ ಹಾಕಿದರು. ಟಾಲಿವರ್ ಅದನ್ನು ಕಿಸೆಗೆ ಇಳಿಸಿ, ಇನ್ನೊಂದು ಕೈಯಿಂದ ತನ್ನ ಟೋಪಿಯನ್ನು ವಾಪಸು ತೆಗೆದುಕೊಂಡ, ನೋಟುಗಳ ಸಮೇತ.

"ನೀನು ನಾಳೆಯಿಂದ..." ಎಂದು ಸಾಹೇಬರು ಬೆರಳೆತ್ತಿದರು.

"ನಾಳೆ ಬೆಳಿಗ್ಗೆ ಅವನು ಬರೋ ಹಾಗಿಲ್ಲ" ಎಂದರು ಹಾರ್ಟ್ಸ್‌ಲರ್ ಅಮ್ಮ. "ನನಗೆ ಸ್ಮಶಾನ ತೋರಿಸ್ಬೇಕು. ಅಂದ ಹಾಗೆ ಅಳಿಯಾ, ಭಾನುವಾರದ ಟಿಕೆಟ್ಟು ರದ್ದು ಮಾಡಿಸು. ಆ ಹಳದಿ ಮನೆ ಆರೀಲಿಯಾ ಮೇಲಿನ ಕೋಣೆ ಕೊಡ್ತಾಳಂತೆ. ಬೇಸಿಗೆ ಮುಗಿಯೋವರೆಗೂ ಇರ್ತೀನಿ."

ಸಾಹೇಬರ ಬೆರಳು ಗಾಳಿಯಲ್ಲೇ ನಿಂತಿತು. ಅವರ ಮುಖದಲ್ಲಿ ಬಂದುಹೋದ ಬಣ್ಣಗಳಿಗೆ ಪೂರ್ವದ ಬೀದಿಯ ಮನೆಗಳೂ ನಾಚಬೇಕಿತ್ತು. ಬೇಸಿಗೆ ಪೂರ್ತಿ! ವಿಲ್ಮಟ್‌ನನ್ನು ಕೆಲಸದಿಂದ ತೆಗೆದರೆ ಅತ್ತೆ ದಿನವೂ ಅಂಗಡಿಯಲ್ಲೇ ಬಂದು ಕೂರುತ್ತಾರೆ ಎಂಬ ಲೆಕ್ಕ ಅವರ ತಲೆಯಲ್ಲಿ ಓಡಿದ್ದು ಕಾಣಿಸುತ್ತಿತ್ತು.

"ರಜ" ಎಂದರು ಕೊನೆಗೆ ಹಲ್ಲು ಕಚ್ಚಿ. "ನಾಳೆಯಿಂದ ಇವರು ಇರೋವರೆಗೂ ನಿನಗೆ ರಜ. ಸಂಬಳ ಇಲ್ಲದ ರಜ."

ಹಾರ್ಟ್ಸ್‌ಲರ್ ಅಮ್ಮ ಎದ್ದು ಬಂದು ವಿಲ್ಮಟ್‌ನ ಬೆನ್ನು ತಟ್ಟಿದರು.

"ಬೆಳಿಗ್ಗೆ ಬೇಗ ಬಾ. ಆರೀಲಿಯಾನೂ ಬರ್ತಾಳೆ. ಒಂದೊಂದು ಸಮಾಧಿ ಮುಂದೆ ಮೊದಲು ನೀನು ಹೇಳು, ಆಮೇಲೆ ನಿಜ ಏನು ಅಂತ ಅವಳು ಹೇಳ್ತಾಳಂತೆ. ಇವತ್ತು ನೋಡಿದವರೆಲ್ಲಾ ಬರ್ತಾರೆ. ಗಾಡಿಯವನು, ಬುಟ್ಟಿಯವರು, ಎಲ್ಲಾರೂ ರಜ ಹಾಕಿ ಬರ್ತಿದ್ದಾರೆ."